ಸಮಾಲೋಚಕರ ನೇಮಕ ಔದಾರ್ಯವಲ್ಲ, ಕಾನೂನು

ದೇಶದಲ್ಲಿ 2022ರ ಒಂದೇ ವರ್ಷ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ 15 ಮಾರ್ಗಸೂಚಿಗಳನ್ನು ವಿಧಿಸಿತು. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ತರಬೇತಿ ಪಡೆದ ಆಪ್ತ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಲ್ಲಿ ಕನಿಷ್ಠ ಒಬ್ಬರನ್ನು ನೇಮಿಸಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ಶಾಸನವೊಂದು ಬರುವವರೆಗೆ ಇದೇ ಕಾನೂನು. ಇದನ್ನು ಪಾಲಿಸದ ಕಾಲೇಜು ನ್ಯಾಯಾಲಯದ ಆಜ್ಞೆಯನ್ನೇ ಮೀರುತ್ತಿದೆ.

ಈ ಕಾನೂನಿನ ಬೆಲೆ ತಿಳಿಯಬೇಕಾದರೆ ಆಂಧ್ರ ಗಡಿಯ ನಂಗಲಿಯಂಥ ಊರಿನಿಂದ ನೋಡಬೇಕು. ಇಲ್ಲಿಂದ ತಾಲ್ಲೂಕು ಕೇಂದ್ರ ಮುಳಬಾಗಿಲು ಸುಮಾರು 15 ಕಿ.ಮೀ.; ಜಿಲ್ಲಾ ಆಸ್ಪತ್ರೆ ಇರುವ ಕೋಲಾರ ಅಲ್ಲಿಂದ ಇನ್ನೂ 30 ಕಿ.ಮೀ. ದೇಶಕ್ಕೇ ಮಾದರಿಯಾದ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪದವಿ ತರಗತಿಯಲ್ಲಿ ದಿಢೀರನೆ ಇಂಗ್ಲಿಷ್: ಈ ಭಾಗದ ಎಷ್ಟೋ ಮಕ್ಕಳ ಓದು ಸಾಗುವುದು ಹೀಗೆಯೇ. ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮನೆತನಕ್ಕೇ ಮೊದಲಿಗರಾದವರು ಬಹಳ. ಕೊಳವೆಬಾವಿಗೂ ಟೊಮೆಟೊ ಬೆಳೆಗೂ ಸಾಲ ಮಾಡಿದ ಅಪ್ಪನ ಮುಂದೆ ‘ಸೆಮಿಸ್ಟರ್‌ನಲ್ಲಿ ಫೇಲಾದೆ’ ಎನ್ನಲು ಆ ಮಕ್ಕಳಿಗೆ ನಾಲಗೆ ಏಳುವುದಿಲ್ಲ. ಅವರ ಸಂಕಟ ಕೇಳುವ ಮನುಷ್ಯ ಕಾಲೇಜಿನೊಳಗೇ ಸಿಗಬೇಕು. ಅವರ ಭಾಷೆಯಲ್ಲೇ ಮಾತಾಡಬೇಕು.

ಉಪನ್ಯಾಸಕರೊಬ್ಬರಿಗೆ ‘ಸಮಾಲೋಚನಾ ಘಟಕ’ದ ಹೆಚ್ಚುವರಿ ಹೊಣೆ ಹೊರಿಸಿ, ಕಾಲೇಜಿನ ಗುಣಮಟ್ಟ ಅಳೆಯಲು ಬರುವ ನ್ಯಾಕ್ ತಂಡಕ್ಕೆ ಕಡತ ತೋರಿಸಿ ಕೈತೊಳೆದುಕೊಳ್ಳುವುದು ಇದಕ್ಕೆ ಪರಿಹಾರವಲ್ಲ. ಆಂತರಿಕ ಅಂಕ ಕೊಡುವವರ ಎದುರೇ ಮನದ ಗುಟ್ಟನ್ನೂ ಬಿಚ್ಚಿಡು ಎಂದರೆ ಯಾವ ವಿದ್ಯಾರ್ಥಿ ಬಾಯಿ ಬಿಟ್ಟಾನು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಸೇವೆ ಪಡೆಯುವ ಹಕ್ಕನ್ನೂ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕನ್ನೂ ಕೊಟ್ಟಿವೆ. ಸ್ಟಾಫ್ ರೂಮಿನ ಮೂಲೆಯಲ್ಲಿ ನಾಲ್ವರು ಕೇಳುವಂತೆ ನಡೆಯುವ ವಿಚಾರಣೆಯಲ್ಲಿ ಎರಡಕ್ಕೂ ಜಾಗವಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ಮಾಡುವ ‘ಮನೋಚೈತನ್ಯ’ ಕರ್ನಾಟಕವೇ ರೂಪಿಸಿದ ಒಳ್ಳೆಯ ಯೋಜನೆ. ಆದರೆ ಮಂಗಳವಾರ ತರಗತಿ ಇರುತ್ತದೆ; ಕಷ್ಟ ವಾರ ನೋಡಿ ಬರುವುದಿಲ್ಲ. ಕಾಯಿಲೆ ಬಲಿತ ಮೇಲೆ ವೈದ್ಯರು ಬೇಕು, ಬಲಿಯುವ ಮೊದಲೇ ಗುರುತಿಸಿ ಅವರ ಬಳಿಗೆ ಕಳುಹಿಸಲು ಸಮಾಲೋಚಕರು ಬೇಕು. ಒಬ್ಬರ ಕೆಲಸ ಇನ್ನೊಬ್ಬರಿಂದ ಆಗದು.

ಆದ್ದರಿಂದ ಸರ್ಕಾರ ನೆಪ ಹೇಳುವುದನ್ನು ಬಿಡಲಿ. ಗ್ರಂಥಪಾಲಕರ, ದೈಹಿಕ ಶಿಕ್ಷಣ ಬೋಧಕರ ಹುದ್ದೆಗಳಂತೆ ಸಮಾಲೋಚಕರದ್ದೂ ಮಂಜೂರಾದ ಕಾಯಂ ಹುದ್ದೆಯಾಗಲಿ. ಗಡಿ ತಾಲ್ಲೂಕುಗಳ ನೇಮಕಾತಿಯಲ್ಲಿ ಕನ್ನಡ, ತೆಲುಗು ಎರಡೂ ಬಲ್ಲವರಿಗೆ ಆದ್ಯತೆ ಸಿಗಲಿ. ವರ್ಷಕ್ಕೆ ಎರಡು ಬಾರಿ ಸಿಬ್ಬಂದಿಗೆ ತರಬೇತಿ ಕೊಡಬೇಕೆಂಬ ನ್ಯಾಯಾಲಯದ ಸೂಚನೆ ಎಷ್ಟರಮಟ್ಟಿಗೆ ಜಾರಿಯಾಗಿದೆ ಎಂಬುದನ್ನು ಈ ಭಾಗದ ಕಾಲೇಜುಗಳು ಸೇರಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕಾಲೇಜುವಾರು ಬಹಿರಂಗಪಡಿಸಲಿ. ಮೇಲ್ವಿಚಾರಣೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಇರಬೇಕೆಂದು ಅದೇ ತೀರ್ಪು ಹೇಳಿದೆ. ಕೋಲಾರದ ಸಮಿತಿ ಸಭೆಯ ನಡಾವಳಿ ಬರೆದು ಏಳುವುದಲ್ಲ, ಸಮಾಲೋಚಕರಿಲ್ಲದ ಕಾಲೇಜುಗಳ ಪಟ್ಟಿಯನ್ನು ಜನರ ಮುಂದಿಡಬೇಕು.

ಹಣವಿಲ್ಲ ಎಂಬ ಮಾತು ಒಪ್ಪುವಂಥದ್ದಲ್ಲ. ಕಟ್ಟಡ ಕಟ್ಟಿಸಿ, ಮಕ್ಕಳನ್ನು ಸೇರಿಸಿಕೊಂಡು, ಅವರು ಕುಸಿಯುವಾಗ ಕೈಕಟ್ಟಿ ನಿಲ್ಲುವ ಆಡಳಿತ ಕರ್ತವ್ಯಲೋಪದ ಅಪರಾಧಿ. ಸಮಾಲೋಚಕರಿಲ್ಲದೆ ಯಾವ ಕಾಲೇಜಿಗೂ ಮುಂದಿನ ಸಾಲಿನ ಸಂಯೋಜನೆ ನವೀಕರಿಸಕೂಡದು.

ಅಲ್ಲಿಯವರೆಗೆ ವಿದ್ಯಾರ್ಥಿಗಳಲ್ಲಿ ಒಂದು ಮನವಿ: ಒಬ್ಬರೇ ನೋಯಬೇಡಿ. 14416ಕ್ಕೆ ಕರೆ ಮಾಡಿ. ಟೆಲಿ ಮನಸ್ ಸಹಾಯವಾಣಿ ಹಗಲಿರುಳು ಉಚಿತ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.