ವೃತ್ತಿಶಿಕ್ಷಣವೂ ಉಪಾಧ್ಯಾಯರೂ

ಕೈಕಸುಬಿನ ಮೂಲಕವೇ ವಿದ್ಯೆಯು ಸಾಗಬೇಕೆಂದು ಮಹಾತ್ಮಾಜಿಯವರು 1937ರ ವರ್ಧಾ ಶಿಕ್ಷಣ ಪರಿಷತ್ತಿನಲ್ಲಿ ಪ್ರತಿಪಾದಿಸಿದರು. 6ರಿಂದ 8ನೆಯ ತರಗತಿಯೊಳಗಿನ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಉದ್ದೇಶವು ಸ್ತುತ್ಯವೇ. ಆದರೆ ಆ 10 ದಿನಗಳ ಅನುಭವವು ಉಳಿದ ದಿನಗಳ ಪಾಠದಲ್ಲಿ ಬೆರೆಯದಿದ್ದರೆ ಜಾತ್ರೆ ನೋಡಿ ಬಂದಂತಾದೀತು. ಕುಂಬಾರನ ಆವಿಗೆಯಿಂದ ಶಾಖದ ಪಾಠವನ್ನೂ ಬಡಗಿಯ ಮೂಲೆಮಟ್ಟದಿಂದ ರೇಖಾಗಣಿತವನ್ನೂ ಬೋಧಿಸಬೇಕಾದವರು ಉಪಾಧ್ಯಾಯರು. ಅದಕ್ಕೆ ತಗಲುವ ಸಾಮಗ್ರಿ, ಪ್ರಯಾಣ, ಕಸುಬುದಾರನ ಸಂಭಾವನೆ ಇವೆಲ್ಲವೂ ಅವರ ಸಂಬಳದಿಂದಲೇ ಹುಟ್ಟಬೇಕೆ? ಪಾಠದ ಯೋಜನೆಯನ್ನು ಬರೆದು ಕೇಳುವ ಉಪಾಧ್ಯಾಯರಿಗೆ ಸರಕಾರದವರು ನೇರವಾಗಿ ಸಹಾಯಧನವನ್ನು ಕೊಡಲಿ. ವರ್ಷಾಂತ್ಯದಲ್ಲಿ ಲೆಕ್ಕವನ್ನೂ ಫಲವನ್ನೂ ಕೇಳಲಿ. ಬಿತ್ತೆಂದು ಅಪ್ಪಣೆ ಕೊಟ್ಟು ಬೀಜವನ್ನು ಕೊಡದ ಒಡೆಯನಿಗೆ ಬೆಳೆಯನ್ನು ಕೇಳುವ ಅಧಿಕಾರವಿಲ್ಲ.