ಅತಿಥಿ ಬರುವ ಮೊದಲು ಮನೆ ಸಿದ್ಧವಾಗಲಿ

ಮಾತು ಬದಲಿಸುವವರನ್ನು ಗೋಸುಂಬೆ ಎಂದು ಬೈಯುವುದು ನಮ್ಮಲ್ಲಿ ರೂಢಿ. ಆದರೆ ಆ ಪ್ರಾಣಿಯನ್ನು ಟಿ.ವಿ.ಯಲ್ಲೋ ಮೊಬೈಲಿನಲ್ಲೋ ನೋಡಿದ ಮಕ್ಕಳಿಗೆ ಅದು ಬೈಗುಳವಲ್ಲ, ಅದ್ಭುತ. "ನಮಗೂ ಒಂದು ಬೇಕು" ಎಂದು ಅವರು ಹಟ ಹಿಡಿದರೆ ಆಶ್ಚರ್ಯವಿಲ್ಲ. ತಂದೆ ಒಪ್ಪಿ ತಂದುಕೊಟ್ಟರೂ ಒಂದು ತಿಂಗಳು ಕಳೆದ ಮೇಲೆ ಅದರ ಚಾಕರಿ ಯಾರ ಪಾಲಿಗೆ ಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆದುದರಿಂದ "ಆಗಲಿ" ಎನ್ನುವ ಮೊದಲು ತಾಯಂದಿರು ಕೆಲವು ವಿಷಯಗಳನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಕಾನೂನಿನ ಮಾತು. ನಮ್ಮ ದೇಶದ ಕುರುಚಲು ಕಾಡುಗಳಲ್ಲಿ, ಪೊದೆಗಳಲ್ಲಿ ಕಾಣಸಿಗುವ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಅದನ್ನು ಹಿಡಿಯುವುದಾಗಲಿ, ಮಾರುವುದಾಗಲಿ, ಮನೆಯಲ್ಲಿ ಸಾಕುವುದಾಗಲಿ ಅಪರಾಧ. ವಿದೇಶಿ ತಳಿಯನ್ನು ಸಾಕುವವರಿಗೂ ಭಾರತದಲ್ಲಿ ನೋಂದಣಿಯ ನಿಯಮ 2024ರಲ್ಲಿ ಬಂದಿದೆ. ಹಾಗಾಗಿ ಊರಿನಲ್ಲಿರುವ ಮಕ್ಕಳಿಗೆ ಗೋಸುಂಬೆಯನ್ನು ಗಿಡದ ಮೇಲೆಯೇ ತೋರಿಸಿ, ದೂರದಿಂದ ನೋಡಿ ಬರಲಿ.

ಅಮೆರಿಕ, ಬ್ರಿಟನ್‌ಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳ ಸಂಗತಿ ಬೇರೆ. ಅಲ್ಲಿ ಸಾಕಣೆಯಲ್ಲೇ ಹುಟ್ಟಿದ ಗೋಸುಂಬೆಗಳು ಮಾರಾಟಕ್ಕೆ ಸಿಗುತ್ತವೆ. ಮೊದಲ ಬಾರಿ ಸಾಕುವವರು ಹೆಚ್ಚಾಗಿ ಕೊಳ್ಳುವುದು 'ವೇಲ್ಡ್ ಕೆಮೆಲಿಯಾನ್' ಎಂಬ ಜಾತಿಯನ್ನು. ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ ಅದರ ತವರು. ನೆತ್ತಿಯ ಮೇಲೆ ಎತ್ತರದ ಟೋಪಿಯಂತಹ ಉಬ್ಬು ಇರುತ್ತದೆ. ಆಯಾ ಪ್ರದೇಶದ ಕಾನೂನನ್ನು ವಿಚಾರಿಸಿಕೊಂಡು, ಕಾಡಿನಿಂದ ಹಿಡಿದು ತಂದದ್ದಲ್ಲ ಎಂದು ಖಚಿತಪಡಿಸಿಕೊಂಡ ನಂತರವೇ ಮುಂದಿನ ಮಾತು.

ಗೂಡು ಹೇಗಿರಬೇಕು?

ಮೀನಿನ ಗಾಜಿನ ತೊಟ್ಟಿ ಇದಕ್ಕೆ ತಕ್ಕ ಮನೆಯಲ್ಲ. ಗೋಸುಂಬೆ ಮರದ ಜೀವಿ. ಅದಕ್ಕೆ ಅಗಲಕ್ಕಿಂತ ಎತ್ತರ ಮುಖ್ಯ, ಗಾಳಿಯಾಡುವುದು ಇನ್ನೂ ಮುಖ್ಯ. ಬೆಳೆದ ಗೋಸುಂಬೆಗೆ ಎರಡು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರದ ಬಲೆಯ ಗೂಡು ಬೇಕು. ಅದನ್ನು ನೆಲದ ಮೇಲಿಡದೆ ಮೇಜಿನ ಮೇಲಿಡಿ. ತನ್ನ ತಲೆಗಿಂತ ಎತ್ತರದಲ್ಲಿ ಜನ ಓಡಾಡಿದರೆ ಅದು ಹೆದರುತ್ತದೆ. ಒಳಗೆ ಕಾಲಿನ ಹಿಡಿತಕ್ಕೆ ಸಿಗುವಂತಹ ಬೇರೆ ಬೇರೆ ದಪ್ಪದ ಕೊಂಬೆಗಳನ್ನು ಅಡ್ಡಡ್ಡ ಕಟ್ಟಿ, ದಾಸವಾಳದಂತಹ ಜೀವಂತ ಗಿಡವನ್ನು ಇಡಿ. ಎಲೆಗಳ ಮರೆ ಅದಕ್ಕೆ ಪರದೆ ಇದ್ದಂತೆ. ಒಂದು ಗೂಡಿನಲ್ಲಿ ಒಂದೇ ಗೋಸುಂಬೆ ಇರಲಿ. "ಜೊತೆಗಿರಲಿ ಪಾಪ" ಎಂದು ಇನ್ನೊಂದನ್ನು ತಂದರೆ ಕಾದಾಟವೇ ಗತಿ.

ಬೆಳಕು, ಬಿಸಿ, ನೀರು

ಮೇಲಿನ ಒಂದು ಮೂಲೆಯಲ್ಲಿ ಬಿಸಿಲು ಕಾಯಿಸಿಕೊಳ್ಳಲು ದೀಪ ಬೇಕು. ಅಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಕೆಳಭಾಗ ತಂಪಾಗಿರಲಿ, ತನಗೆ ಬೇಕಾದ ಜಾಗವನ್ನು ಅದೇ ಆರಿಸಿಕೊಳ್ಳುತ್ತದೆ. ಸುಟ್ಟುಕೊಳ್ಳದಂತೆ ದೀಪವನ್ನು ಬಲೆಯ ಹೊರಗೇ ಇಡಬೇಕು. ಇದಲ್ಲದೆ ಯುವಿಬಿ ಕಿರಣ ಕೊಡುವ ಟ್ಯೂಬ್‌ಲೈಟ್ ದಿನಕ್ಕೆ ಹನ್ನೆರಡು ಗಂಟೆ ಉರಿಯಬೇಕು. ಈ ಕಿರಣದಿಂದಲೇ ಮೈಯಲ್ಲಿ ಡಿ3 ಜೀವಸತ್ವ ಉತ್ಪತ್ತಿಯಾಗಿ ಕ್ಯಾಲ್ಸಿಯಂ ಎಲುಬಿಗೆ ಸೇರುತ್ತದೆ. ಕಿರಣ ಸಿಗದಿದ್ದರೆ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುವುದರಿಂದ ಅದರ ಮೂಲಕ ಬೀಳುವ ಬಿಸಿಲು ಪ್ರಯೋಜನಕ್ಕೆ ಬಾರದು. ಟ್ಯೂಬ್ ಬೆಳಗುತ್ತಿದ್ದರೂ ಕಾಲಕ್ರಮೇಣ ಅದರ ಕಿರಣ ಕುಂದುತ್ತದೆ. ತಯಾರಕರು ಹೇಳಿದ ಅವಧಿಗೆ ಬದಲಿಸಿ.

ಬಟ್ಟಲಲ್ಲಿ ನೀರಿಟ್ಟು ಸುಮ್ಮನಾದರೆ ಗೋಸುಂಬೆ ಬಾಯಾರಿಕೆಯಿಂದ ಸಾಯಬಹುದು. ಅಲುಗಾಡದ ನೀರನ್ನು ಅದು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಎಲೆಯ ಮೇಲಿನ ಹನಿಯನ್ನೇ ನೆಕ್ಕುತ್ತದೆ. ದಿನಕ್ಕೆ ಎರಡು ಬಾರಿಯಾದರೂ ಎಲೆಗಳಿಗೆ ನೀರು ಚಿಮುಕಿಸಿ, ನಡುವೆ ಗೂಡು ಒಣಗಲು ಬಿಡಿ. ಅದರ ಮಲದೊಂದಿಗೆ ಬರುವ ಬಿಳಿ ಭಾಗ ಕಡು ಕಿತ್ತಳೆಯಾದರೆ, ಕಣ್ಣು ಗುಳಿ ಬಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ.

ಆಹಾರ ಜೀವಂತ ಹುಳುಗಳು, ಮುಖ್ಯವಾಗಿ ಚಿಮ್ಮಂಡೆಗಳು. ಅವುಗಳಿಗೂ ಮೊದಲು ಸೊಪ್ಪು, ತರಕಾರಿ ತಿನ್ನಿಸಿ, ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡಬೇಕು. ಮನೆಯೊಳಗೆ ಹುಳುಗಳ ಡಬ್ಬ ಇಡಲು ನಿಮಗೆ ಒಪ್ಪಿಗೆಯೇ? ಈಗಲೇ ಯೋಚಿಸಿ.

ಹೆಣ್ಣಾದರೆ ಇನ್ನೊಂದು ಸಿದ್ಧತೆ

ಅಂಗಡಿಯವರು ಹೇಳಲು ಮರೆಯುವ ಮಾತೊಂದಿದೆ. ಈ ಜಾತಿಯ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಇಡುತ್ತದೆ. ಅಗೆದು ಮೊಟ್ಟೆ ಹೂಳಲು ಅದಕ್ಕೆ ಸುಮಾರು ಒಂದು ಅಡಿ ಆಳದ ಹಸಿ ಮರಳು ಬೇಕು. ತಕ್ಕ ಜಾಗ ಸಿಗದಿದ್ದರೆ ಮೊಟ್ಟೆಗಳನ್ನು ಒಡಲಲ್ಲೇ ಹಿಡಿದುಕೊಂಡು ನರಳಿ ಸಾಯಬಹುದು. ಹೆರಿಗೆಯ ಸಂಕಟ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಬಾರಿ ಸಾಕುವವರಿಗೆ ಗಂಡೇ ಅನುಕೂಲ. ಗಂಡು ಮರಿಯ ಹಿಂಗಾಲಿನ ಹಿಮ್ಮಡಿಯಲ್ಲಿ ಹುಟ್ಟಿನಿಂದಲೇ ಸಣ್ಣ ಮುಳ್ಳಿನಂತಹ ಗುರುತಿರುತ್ತದೆ.

ಮನೆಮಂದಿಯ ಆರೋಗ್ಯವೂ ಮುಖ್ಯ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗೆ ಇದು ತಕ್ಕುದಲ್ಲ. ಗೂಡನ್ನು ಅಡುಗೆ ಮನೆಯಿಂದ ದೂರವಿಡಿ. ಮುಟ್ಟಿದಾಗಲೆಲ್ಲ ಸಾಬೂನಿನಿಂದ ಕೈ ತೊಳೆಯಬೇಕು.

ಮುದ್ದಿಗಲ್ಲ, ನೋಟಕ್ಕೆ

ಗೋಸುಂಬೆ ಬೆಕ್ಕಿನಂತೆ ಮಡಿಲಿಗೆ ಬರುವುದಿಲ್ಲ. ಎತ್ತಿಕೊಳ್ಳುವುದು ಅದಕ್ಕೆ ಹಿಂಸೆ. ಕೂತ ಜಾಗಕ್ಕೆ ತಕ್ಕಂತೆ ಅದು ಬಣ್ಣ ಬದಲಿಸುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಚರ್ಮದ ಕೋಶಗಳಲ್ಲಿರುವ ಅತಿ ಸೂಕ್ಷ್ಮ ಹರಳುಗಳ ನಡುವಿನ ಅಂತರ ಬದಲಾದಾಗ ಬಣ್ಣವೂ ಬದಲಾಗುತ್ತದೆ ಎಂದು ಜಿನೀವಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2015ರಲ್ಲಿ ಮಡಗಾಸ್ಕರಿನ ಇನ್ನೊಂದು ಜಾತಿಯಲ್ಲಿ ತೋರಿಸಿಕೊಟ್ಟರು. ಚಳಿ, ಭಯ, ಸಿಟ್ಟು, ಕಾಯಿಲೆ ಎಲ್ಲವೂ ಗೋಸುಂಬೆಯ ಮೈಬಣ್ಣದಲ್ಲಿ ಕಾಣುತ್ತವೆ. ಸದಾ ಕಪ್ಪಿಟ್ಟ ಮೈಯಲ್ಲಿ ಕೂತಿದ್ದರೆ ನಾವು ಕೊಟ್ಟ ಮನೆ ಅದಕ್ಕೆ ಒಗ್ಗಿಲ್ಲ ಎಂದು ತಿಳಿಯಬೇಕು.

ಕೊನೆಯದಾಗಿ ಒಂದು ಸಲಹೆ. ಗೂಡನ್ನು ತಂದು, ಗಿಡ, ದೀಪ, ಉಷ್ಣಮಾಪಕ ಎಲ್ಲವನ್ನೂ ಜೋಡಿಸಿ ಎರಡು ವಾರ ಖಾಲಿ ಬಿಡಿ. ದಿನವೂ ಸಮಯಕ್ಕೆ ಸರಿಯಾಗಿ ದೀಪ ಹಚ್ಚುವ, ಎರಡು ಹೊತ್ತು ನೀರು ಚಿಮುಕಿಸುವ, ಶಾಖವನ್ನು ಬರೆದಿಡುವ ಕೆಲಸವನ್ನು ಮಕ್ಕಳಿಗೇ ವಹಿಸಿ. ನೀವು ನೆನಪಿಸಬೇಡಿ. ಸರೀಸೃಪಗಳನ್ನು ಬಲ್ಲ ಪಶುವೈದ್ಯರು ಹತ್ತಿರದಲ್ಲಿದ್ದಾರೆಯೇ ಎಂದೂ ಅಷ್ಟರೊಳಗೆ ವಿಚಾರಿಸಿ. ಹದಿನೈದನೆಯ ದಿನವೂ ಎಲೆಗಳು ಒದ್ದೆಯಾಗಿದ್ದರೆ ಗೋಸುಂಬೆಯನ್ನು ತರಬಹುದು. ಮೂರನೆಯ ದಿನಕ್ಕೇ ಎಲೆ ಒಣಗಿದ್ದರೆ ಗೂಡಿನಲ್ಲಿ ದಾಸವಾಳವೇ ಬೆಳೆಯಲಿ. ಒಂದು ಜೀವ ಬಾಯಾರಿ ಸಾಯುವುದು ತಪ್ಪಿತು ಎಂದು ನೆಮ್ಮದಿಯಿಂದಿರಿ.