ಒಂದು ವರ್ಷದ ಓಟ, ಬೆಟ್ಟ, ಪ್ರವಾಸ

ವರ್ಷ ಮುಗಿಯುತ್ತಲೇ ಗೃಹಸ್ಥರು ಹಣದ ಜಮಾಖರ್ಚನ್ನು ನೋಡಿಕೊಳ್ಳುವುದು ವಾಡಿಕೆ. ಕಾಲುಗಳ ಜಮಾಖರ್ಚನ್ನು ನೋಡುವವರು ವಿರಳ. ಕ್ರೋಧಿ ಸಂವತ್ಸರದ ಯುಗಾದಿಯಿಂದ, ಎಂದರೆ 2024ರ ಏಪ್ರಿಲ್ 9ರಿಂದ, ವಿಶ್ವಾವಸುವಿನ ಯುಗಾದಿಯಾದ 2025ರ ಮಾರ್ಚ್ 30ರವರೆಗೆ ನಮ್ಮ ಮನೆಯ ಐವರು ಹೇಗೆ ಓಡಿದೆವು, ಎಲ್ಲಿ ಹತ್ತಿದೆವು, ಯಾವ ಊರುಗಳಿಗೆ ಹೋಗಿ ಬಂದೆವು ಎಂಬುದನ್ನು ಈ ಸಲ ಓದುಗ ಬಂಧುಗಳ ಮುಂದೆ ಇಡಬಯಸುತ್ತೇವೆ. ಐವರೆಂದರೆ ಎಪ್ಪತ್ತೆಂಟರ ಅವ್ವ, ನಾವು ದಂಪತಿಗಳು, ಕಾಲೇಜಿಗೆ ಹೋಗುವ ಮಗ, ಒಂಬತ್ತನೆಯ ತರಗತಿಯ ಮಗಳು. ಇದರಲ್ಲಿ ದೊಡ್ಡ ಸಾಹಸವೇನೂ ಇಲ್ಲ. ಆದರೆ ಒಂದು ಮನೆಯವರೆಲ್ಲರೂ ಮೈ ಮುರಿದು ಚಲಿಸಬೇಕೆಂದರೆ ಮನೆಯಲ್ಲಿ ಏನೇನು ಬದಲಾಗಬೇಕಾಗುತ್ತದೆ ಎಂಬುದು ವಿಚಾರಿಸತಕ್ಕ ಸಂಗತಿ.

ನಾವು ದಾವಣಗೆರೆಯವರು. ಬೆಣ್ಣೆ ದೋಸೆಯ ಊರಿನವರಿಗೆ, ಅದರಲ್ಲೂ ಲಗ್ನದ ದಿನಗಳಲ್ಲಿ ವಾರಕ್ಕೆ ಮೂರು ಕಡೆ ಹೋಳಿಗೆಯೂಟಕ್ಕೆ ಕರೆಯಿರುವವರಿಗೆ, ಐವತ್ತು ದಾಟುವ ಹೊತ್ತಿಗೆ ವೈದ್ಯರಿಂದ ಬರುವ ಮಾತು ಒಂದೇ. ರಕ್ತದಲ್ಲಿ ಸಕ್ಕರೆಯ ಅಂಶವು ಗಡಿಗೆ ಬಂದು ನಿಂತಿದೆ ಎಂದು ನಮಗೂ ನಮ್ಮ ಮನೆಯವರಿಗೂ ಒಂದೇ ದಿನ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಬೇಕೆನ್ನುತ್ತದೆ; ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಲೆಕ್ಕ ಸುಲಭ. ಆ ನಿಮಿಷಗಳನ್ನು ಎಲ್ಲಿಂದ ತರುವುದೆಂಬುದೇ ಪ್ರಶ್ನೆ.

ಕುಂದವಾಡ ಕೆರೆಯ ಏರಿಯ ಮೇಲೆ ಮುಂಜಾನೆ ಐದೂವರೆಗೆ ಬರುವವರಲ್ಲಿ ಗಂಡಸರೇ ಹೆಚ್ಚು. ಹೆಣ್ಣುಮಕ್ಕಳು ಬಂದರೆ, ಮಕ್ಕಳ ಊಟದ ಡಬ್ಬಿ ತುಂಬಿ ಬಿಸಿಲೇರಿದ ಮೇಲೆ ಬರುವರು, ಬಾರದಿರುವವರೇ ಅಧಿಕ. ಇದಕ್ಕೆ ಕಾರಣ ಆಲಸ್ಯವಲ್ಲ. ಐದರಿಂದ ಏಳರವರೆಗಿನ ಹೊತ್ತು ಮನೆಗೆ ಸೇರಿದ್ದು: ನಲ್ಲಿ ನೀರಿನ ಹೊತ್ತು, ಹಾಲಿನ ಹೊತ್ತು, ರೊಟ್ಟಿ ಬಡಿಯುವ ಹೊತ್ತು. ಯಜಮಾನನು ಬೂಟು ಕಟ್ಟಿಕೊಂಡು ಹೊರಬಿದ್ದನೆಂದರೆ ಆ ಹೊತ್ತನ್ನು ಇನ್ನೊಬ್ಬರು ಹೊರುತ್ತಿದ್ದಾರೆಂದೇ ಅರ್ಥ. ಆದುದರಿಂದ ಮೊದಲ ವಾರದಲ್ಲಿಯೇ ದಿನಗಳನ್ನು ಹಂಚಿಕೊಂಡೆವು. ಸೋಮ, ಬುಧ, ಶುಕ್ರವಾರಗಳ ಬೆಳಗು ಮನೆಯವರದು, ಮಂಗಳ, ಗುರು, ಶನಿವಾರಗಳದು ನಮ್ಮದು, ಭಾನುವಾರ ಎಲ್ಲರದು. ಅವರ ದಿನಗಳಲ್ಲಿ ಒಲೆಯ ಮುಂದೆ ನಾವು, ತರಕಾರಿ ಹೆಚ್ಚುವುದಕ್ಕೆ ಮಗ. "ನೀನು ಒಲೆ ಮುಂದೆ ನಿಂತ್ರೆ ನಮಗೆ ಉಣ್ಣಾಕೆ ಸಿಗೋದು ಯಾವಾಗಪ್ಪ?" ಎಂದು ಅವ್ವ ಕೇಳಿದ್ದು ನ್ಯಾಯವಾಗಿಯೇ ಇತ್ತು. ನಮ್ಮ ರೊಟ್ಟಿ ದುಂಡಗಾಗಲು ದೀಪಾವಳಿ ಬರಬೇಕಾಯಿತು. ಅಲ್ಲಿಯವರೆಗೆ ಉಪ್ಪಿಟ್ಟು, ಅವಲಕ್ಕಿಗಳಲ್ಲಿ ಸುಧಾರಿಸಿದೆವು.

ಒಲೆಯ ಕಥೆಗಿಂತ ಏರಿಯ ಕಥೆ ಕಠಿಣವಾಗಿತ್ತು. ಗಂಡಸು ಓಡಿದರೆ ವ್ಯಾಯಾಮ, ಹೆಂಗಸು ಓಡಿದರೆ ಏನೋ ಆಗಿದೆ ಎಂಬ ಭಾವನೆ ನಮ್ಮ ಸಮಾಜದಲ್ಲಿ ಇನ್ನೂ ಅಳಿದಿಲ್ಲ. "ಏನ್ರೀ, ಅಕ್ಕಾರು ಓಡಾಕೆ ಹತ್ಯಾರಂತೆ, ಎಲ್ಲ ಆರಾಮಿದಾರಲ್ರೀ?" ಎಂದು ಪರಿಚಿತರೊಬ್ಬರು ನಿಜವಾದ ಕಳಕಳಿಯಿಂದಲೇ ವಿಚಾರಿಸಿದರು. ಲಗ್ನವೊಂದರ ಪಂಕ್ತಿಯಲ್ಲಿ ಹಿರಿಯರೊಬ್ಬರು, ಮನೆತನದ ಸೊಸೆ ಬೀದಿಯಲ್ಲಿ ಓಡುವುದು ತರವೇ ಎಂದರು. ಉತ್ತರ ಕೊಟ್ಟವರು ನಾವಲ್ಲ, ಅವ್ವ: "ಬುತ್ತಿ ಹೊತ್ಕಂಡು ಹೊಲಕ್ಕೆ ಓಡಿ ಹೋಗಾಗ ನಮ್ಮನ್ನ ಯಾರೂ ಕೇಳ್ಲಿಲ್ಲ. ಈಗ ಕೇಳ್ತೀರೇನು?" ಪಂಕ್ತಿಯಲ್ಲಿ ಆಮೇಲೆ ಪಾಯಸದ ಮಾತಷ್ಟೇ ನಡೆಯಿತು.

ಈ ಸಂಕೋಚ ನಮ್ಮ ನಾಡಿನದಷ್ಟೇ ಅಲ್ಲ ಎಂಬುದನ್ನೂ ಹೇಳಬೇಕು. ಒಲಿಂಪಿಕ್ ಕ್ರೀಡೆಗಳಲ್ಲಿ ಗಂಡಸರ ಮ್ಯಾರಥಾನ್ 1896ರ ಅಥೆನ್ಸಿನಿಂದಲೇ ಇದೆ. ಹೆಂಗಸರಿಗೆ ಅದು ದೊರೆತದ್ದು 1984ರ ಲಾಸ್ ಏಂಜಲೀಸಿನಲ್ಲಿ, 88 ವರ್ಷಗಳ ತರುವಾಯ. ಅದೇ ಕ್ರೀಡಾಕೂಟದಲ್ಲಿ ಪಿ.ಟಿ. ಉಷಾ ಅವರು 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರರಲ್ಲೊಂದು ಭಾಗದಿಂದ ಕಂಚಿನ ಪದಕ ಕಳೆದುಕೊಂಡದ್ದನ್ನು ನಮ್ಮ ವಯಸ್ಸಿನವರು ಮರೆತಿರಲಾರರು. 2024ರ ಪ್ಯಾರಿಸ್‌ನಲ್ಲಿ ಕೊನೆಯ ದಿನದ ಗೌರವ ಹೆಂಗಸರ ಮ್ಯಾರಥಾನಿಗೆ ಸಂದಿತು. ನಮ್ಮ ಮನೆಯವರು ಅದನ್ನು ಟಿ.ವಿ.ಯಲ್ಲಿ ನೋಡಿದ ಮರುದಿನ ಸೋಮವಾರ. ಆ ಬೆಳಗು ಅವರು ಎಂದಿಗಿಂತ ಒಂದು ಸುತ್ತು ಹೆಚ್ಚು ಓಡಿ ಬಂದರು.

ಓಟದ ಕ್ರಮದ ಬಗ್ಗೆ ಕೇಳುವವರಿಗೆ ಎರಡೇ ಮಾತು. ಆರಂಭದಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವುದು. ಓಡುವಾಗ ಪಕ್ಕದವರೊಡನೆ ಮಾತನಾಡಲು ಉಸಿರು ಸಾಲುವಷ್ಟೇ ವೇಗ. ಎದೆಯೂ ಉಸಿರೂ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ, ಆದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ನರಗಟ್ಟುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹುರುಪಿನಿಂದ ಮೊದಲ ತಿಂಗಳೇ ದೂರ ಹೆಚ್ಚಿಸಿದವರ ಹಿಮ್ಮಡಿ ನೋಯುವುದು ಇದರಿಂದ. ಓಡಿ ಬರುವಾಗ ದಾರಿಯಲ್ಲಿ ಮಂಡಕ್ಕಿ ಮಿರ್ಚಿಯ ಅಂಗಡಿ ಕಾಣಿಸಿದರೆ ಏನು ಮಾಡಬೇಕೆಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ಬೆಟ್ಟದ ವಿಷಯಕ್ಕೆ ಬಂದರೆ, ಮೊದಲು ಹತ್ತಿದ್ದು ಹತ್ತಿರದ ಚಿತ್ರದುರ್ಗವನ್ನು. ಏಳು ಸುತ್ತಿನ ಕೋಟೆಯಲ್ಲಿ ಓಬವ್ವನ ಕಿಂಡಿಯನ್ನು ಮಕ್ಕಳು ಹಿಂದೆಯೇ ನೋಡಿದ್ದರು. ಈ ಸಲ ಅವರು ಅಕ್ಕ ತಂಗಿಯರ ಹೊಂಡದ ಬಳಿ ಕುಳಿತು, ಬಂಡೆಗಳ ಮೇಲೆ ಬಿದ್ದ ಮಳೆನೀರು ಹೊಂಡದಿಂದ ಹೊಂಡಕ್ಕೆ ಇಳಿಯುವ ಬಗೆಯನ್ನು ವಿಚಾರಿಸಿದರು. ಹಗ್ಗವಿಲ್ಲದೆ ಕೋಟೆಯ ಗೋಡೆಗಳನ್ನು ಏರುವ ಜ್ಯೋತಿರಾಜ್ ಅವರ ಹೆಸರು ನಾಡಿಗೆಲ್ಲ ಪರಿಚಿತ. ಅವರ ಕೈಚಳಕ ಮೆಚ್ಚತಕ್ಕದ್ದೇ. ನೋಡಿ ಬಂದ ಮಕ್ಕಳು ಮನೆಯ ಕಾಂಪೌಂಡಿನ ಮೇಲೆ ಅದನ್ನು ಅನುಕರಿಸುವುದು ಮಾತ್ರ ಬೇಡ.

ಹತ್ತುವಾಗ ದಮ್ಮು, ಇಳಿಯುವಾಗ ಮಂಡಿ ಎಂದು ಬೆಟ್ಟದ ಕೆಳಗಿನ ಊರಿನವರು ಹೇಳುವುದು ದಿಟ. ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುತ್ತ ಹೋಗುತ್ತದೆ. ಆದುದರಿಂದಲೇ ಬೆಟ್ಟ ಹತ್ತಿ ಬಂದ ಮರುದಿನಕ್ಕಿಂತ ಅದರ ಮರುದಿನ ನೋವು ಹೆಚ್ಚು. ಈ ತಿಳಿವಳಿಕೆಯು ದಸರಾ ರಜೆಯಲ್ಲಿ ಅವ್ವನೊಡನೆ ಬಾದಾಮಿಗೆ ಹೋದಾಗ ಒದಗಿ ಬಂತು.

ಆ ಪ್ರವಾಸವನ್ನು ಸರಕಾರಿ ಬಸ್ಸಿನಲ್ಲಿಯೇ ಮಾಡಿದೆವು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಫಲವಾಗಿ ಐವರಲ್ಲಿ ಮೂವರಿಗೆ ಟಿಕೆಟಿನ ಹಣವಿಲ್ಲ. ಮೂರು ಶೂನ್ಯ ಟಿಕೆಟುಗಳನ್ನೂ ಅವ್ವ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡರು. ಬಾದಾಮಿಯಲ್ಲಿ ಕೆಂಪು ಮರಳುಗಲ್ಲಿನ ಮೆಟ್ಟಿಲೇರಿ ಮೊದಲನೆಯ ಗುಹೆಯನ್ನು ತಲುಪಿ, ಹದಿನೆಂಟು ಕೈಗಳ ನಟರಾಜನೆದುರು ಕುಳಿತು, "ಇಲ್ಲಿಗೆ ಸಾಕು, ಉಳಿದದ್ದು ನೀವು ನೋಡಿ ಬಂದು ಹೇಳ್ರಿ" ಎಂದರು. 578ನೆಯ ಇಸವಿಯ ಶಾಸನವಿರುವ ಮೂರನೆಯ ಗುಹೆಯನ್ನು ನೋಡಿ ಬಂದ ಮೊಮ್ಮಗಳು ಒಂದೊಂದೇ ಕಂಬವನ್ನು ಬಣ್ಣಿಸುವಾಗ ಅರ್ಧ ಗಂಟೆ ಹೋಯಿತು. ಸಮಯ ವ್ಯರ್ಥವಾಯಿತೆಂದು ನಮಗೆ ತೋರಲಿಲ್ಲ. ಮರುದಿನ ಕೂಡಲಸಂಗಮ. ಕೃಷ್ಣಾ ಮಲಪ್ರಭೆಯರ ಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳಕ್ಕೆ ಬಾವಿಯಂತಹ ಆವರಣದೊಳಗೆ ಮೆಟ್ಟಿಲಿಳಿದು ಹೋಗಬೇಕು. ಹತ್ತುವುದಕ್ಕೆ ಬೇಡವೆಂದವರು ಇಳಿಯುವುದಕ್ಕೆ ಹಟ ಹಿಡಿದರು. ಒಂದು ಮೆಟ್ಟಿಲಿಗೆ ಎರಡೂ ಪಾದ ಕೂಡಿಸಿ, ನೋವಿರುವ ಕಾಲನ್ನು ಮೊದಲು ಇಳಿಸಿ, ಮುಂದೆ ಮಗ, ಹಿಂದೆ ಸೊಸೆ, ಹೀಗೆ ಸಾವಕಾಶವಾಗಿ ಇಳಿಸಿದೆವು. ಹಿಂದೆ ಬರುತ್ತಿದ್ದವರು ಯಾರೂ ಅವಸರ ಮಾಡಲಿಲ್ಲ. ವರ್ಷವೆಲ್ಲ ನಾವು ಓಡಿದ ಓಟಗಳಲ್ಲಿ ಯಾವುದಕ್ಕೂ ಅಷ್ಟು ಗಮನ ಬೇಕಾಗಿರಲಿಲ್ಲ.

ಸಂಕ್ರಾಂತಿಯ ರಜೆಯಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಮಕ್ಕಳಿಬ್ಬರು ನಮ್ಮನ್ನು ಬಹಳ ಹಿಂದೆ ಬಿಟ್ಟು ಹತ್ತಿದರು. ಕುಮಾರ ಪರ್ವತದ ಆಸೆ ಮಗನಿಗೆ ಇತ್ತು. 2024ರ ಜನವರಿಯಲ್ಲಿ ಅಲ್ಲಿ ನೆರೆದ ಜನಜಂಗುಳಿಯ ಚಿತ್ರಗಳನ್ನು ಕಂಡ ಮೇಲೆ ನಮಗೆ ಆ ಆಸೆ ಉಳಿದಿರಲಿಲ್ಲ.

ಮಗಳ ಆಸೆ ಬೇರೆ. ಪ್ಯಾರಿಸ್‌ನಲ್ಲಿ ಪೋಲೆಂಡಿನ ಅಲೆಕ್ಸಾಂಡ್ರಾ ಮಿರೊಸ್ವಾಫ್ 15 ಮೀಟರಿನ ಗೋಡೆಯನ್ನು 6.06 ಸೆಕೆಂಡುಗಳಲ್ಲಿ ಏರಿ ವಿಶ್ವದಾಖಲೆ ಮಾಡಿದ್ದನ್ನು ಅವಳು ನೋಡಿದ್ದಳು. ಬಾದಾಮಿಯ ಬಂಡೆಗಳ ಮೇಲೆ ಹಗ್ಗ ಕಟ್ಟಿ ಏರುತ್ತಿದ್ದ ಯುವಕ ಯುವತಿಯರನ್ನು ಕಂಡ ಮೇಲಂತೂ ಬೇರೆ ಮಾತಿಲ್ಲ. ಯುಗಾದಿಯ ಮರುವಾರ ಶಿಲಾರೋಹಣ ಶಿಬಿರದ ಅರ್ಜಿಯನ್ನು ತಂದಳು. ಶಿಕ್ಷಕರ ಅನುಭವ, ಶಿರಸ್ತ್ರಾಣ, ಹಗ್ಗದ ವಯಸ್ಸು, ಇವನ್ನೆಲ್ಲ ನಾವು ಕೇಳಿದೆವು, ಮಗಳು ಉತ್ತರಿಸಿದಳು. ಅವ್ವನ ಪ್ರಶ್ನೆ ಒಂದೇ: "ಕೆಳಗೆ ಹಗ್ಗ ಹಿಡಿಯೋರು ಯಾರು?" ಏರುವವರಿಗೊಬ್ಬರು ಕೆಳಗೆ ನಿಂತು, ಹಗ್ಗವನ್ನು ಸೊಂಟದ ಪಟ್ಟಿಗೆ ತೊಡಿಸಿದ ಸಲಕರಣೆಯ ಮೂಲಕ ಬಿಡುತ್ತ, ಜಾರಿದರೆ ಬಿಗಿಹಿಡಿಯುವರೆಂದೂ, ಶಿಬಿರದಲ್ಲಿ ಮೊದಲು ಕಲಿಸುವುದು ಅದನ್ನೇ ಎಂದೂ ಅವಳು ವಿವರಿಸಿದಳು. ಅರ್ಜಿಗೆ ಪೋಷಕರ ಸಹಿ ಬೇಕಾಗಿತ್ತು. ಅಂದು ಬುಧವಾರ; ಓಡಿ ಬಂದ ತಾಯಿಯೇ ಬೂಟು ಬಿಚ್ಚುವ ಮೊದಲು ಸಹಿ ಮಾಡಿದರು. ನಾವು ರೊಟ್ಟಿಯ ಹಿಟ್ಟು ನಾದುತ್ತಿದ್ದೆವು.